ಮಕ್ಕಳ ಸರ್ಜರಿ ವಿಭಾಗದ ರಿವ್ಯೂ: ನಮ್ಮ ಪಾಪೂಗೆ ಆಗಿದ್ದ ಅಪರೂಪದ ಹೈಡ್ರೋಸೀಲ್

ಮೊದ್ಲು ಮಾರ್ಕ್ಸ್ ಕೊಟ್ಬಿಡ್ತೀನಿ. ಸರ್ಜನ್ ಮೇಡಂಗೆ ಐದಕ್ಕೆ ಐದು, ಸ್ಕ್ಯಾನ್ ಮಾಡಿದ ಡಾಕ್ಟರ್‌ಗೂ ಐದು, ಅನಸ್ತೇಷಿಯಾದವರಿಗೆ ಐದು, ವಾರ್ಡ್ ಸಿಸ್ಟರ್‌ಗಳಿಗೆ ನಾಲ್ಕು, ಬಿಲ್ಲಿಂಗ್ ಮತ್ತೆ ಇನ್ಶೂರೆನ್ಸ್ ಡೆಸ್ಕಿಗೆ ಒಂದೂವರೆ, ಪಾರ್ಕಿಂಗಿಗೆ ಸೊನ್ನೆ. ಆಸ್ಪತ್ರೆ ಬೆಂಗಳೂರಲ್ಲಿರೋ ಪ್ರೈವೇಟ್ ಮಕ್ಕಳ ಆಸ್ಪತ್ರೆ. ಹೆಸರು ಹಾಕಲ್ಲ, ಬಯ್ಯೋದೂ ಸ್ವಲ್ಪ ಇದೆ ಅದಕ್ಕೆ. ನಾವು ತುಮಕೂರಿನವರು, ಆ ಕಡೆಯಿಂದ ಬರೋರಿಗೆ, ಅಥ್ವಾ ಎಲ್ಲಿಯವರೇ ಆಗ್ಲಿ ಮಗೂಗೆ ಬೀಜದ ಹತ್ರ ಊತ ಇದೆ ಅಂತ ಡಾಕ್ಟರ್ ಹತ್ರ ಓಡಾಡ್ತಿರೋರಿಗೆ, ಏನು ನೋಡ್ಬೇಕು ಏನು ಕೇಳ್ಬೇಕು ಅಂತ ಗೊತ್ತಾಗ್ಲಿ ಅಂತ ಇಷ್ಟುದ್ದ ಬರೀತಿದೀನಿ. ಕನ್ನಡದಲ್ಲಿ ಹುಡುಕಿದ್ರೆ ನಂಗೆ ಈ ಕಾಯಿಲೆ (ಅಬ್ಡಾಮಿನೋಸ್ಕ್ರೋಟಲ್ ಹೈಡ್ರೋಸೀಲ್, ಅಂದ್ರೆ ಬೀಜದ ಚೀಲದಿಂದ ಹೊಟ್ಟೆ ಒಳಗಿನವರೆಗೂ ನೀರು ತುಂಬ್ಕೊಳೋದು) ಬಗ್ಗೆ ಏನೂ ಸಿಗ್ಲಿಲ್ಲ, ಸಿಕ್ಕಿದ್ದೆಲ್ಲ ದೊಡ್ಡೋರ ಅಂಡವಾಯು ಬಗ್ಗೆ, ಅದ್ರಲ್ಲೂ ಅರ್ಧ ಎಣ್ಣೆ ಮಾರೋರದ್ದು.

ವಿಷ್ಯ ಏನಂದ್ರೆ, ಗಂಡು ಮಕ್ಕಳು ಹುಟ್ಟಿದಾಗ ಬೀಜದ ಚೀಲ ಊದಿರೋದು ತುಂಬಾ ಸಾಮಾನ್ಯ. ಬಸಿರಲ್ಲಿ ಇರುವಾಗ ಬೀಜಗಳು ಹೊಟ್ಟೆ ಒಳಗೇ ಇರ್ತವೆ, ಏಳನೇ ತಿಂಗಳ ಹೊತ್ತಿಗೆ ತೊಡೆಸಂದಿಯಲ್ಲಿರೋ ಒಂದು ಸಣ್ಣ ದಾರೀಲಿ ಕೆಳಗಿಳೀತವೆ, ಇಳಿಯುವಾಗ ಹೊಟ್ಟೆಯ ಒಳಪೊರೆಯಿಂದ ಒಂದು ಕೊಳವೆ ಥರದ್ದನ್ನೂ ಜೊತೆಗೆ ಎಳ್ಕೊಂಡು ಬರ್ತವೆ. ಆಮೇಲೆ ಆ ಕೊಳವೆ ತಾನಾಗೇ ಮುಚ್ಚಿಕೊಳ್ಬೇಕು. ಪೂರ್ತಿ ಮುಚ್ಚದೆ ಇದ್ರೆ ನೀರು ಇಳಿಯುತ್ತೆ, ಅಗಲವಾಗಿ ತೆರೆದಿದ್ರೆ ಕರುಳೇ ಇಳಿಯುತ್ತೆ, ನೀರಾದ್ರೆ ಹೈಡ್ರೋಸೀಲ್, ಕರುಳಾದ್ರೆ ಹರ್ನಿಯಾ. ಹುಟ್ಟಿದ ಮಕ್ಕಳ ಹೈಡ್ರೋಸೀಲ್ ಬಹಳಷ್ಟು ಒಂದೆರಡು ವರ್ಷದೊಳಗೆ ತಾನೇ ಹೋಗುತ್ತೆ, ಅದಕ್ಕೆ ನಮ್ಮ ತುಮಕೂರಿನ ಮಕ್ಕಳ ಡಾಕ್ಟರು ಏನೂ ಮಾಡ್ಬೇಡಿ, ಕಾಯಿರಿ ಅಂದ್ರು. ಅವ್ರು ಹೇಳಿದ್ದು ಸರಿಯಾಗೇ ಇತ್ತು, ನೂರರಲ್ಲಿ ಬಹುಪಾಲು ಮಕ್ಕಳಿಗೆ ಅದೇ ಸರಿಯಾದ ಮಾತು.

ನಮ್ಮ ಪಾಪೂದು ಮಾತ್ರ ಕಡಿಮೆ ಆಗೋ ಲಕ್ಷಣವೇ ಇರ್ಲಿಲ್ಲ. ಸಾಮಾನ್ಯ ಥರದ್ದಾದ್ರೆ ಮಲಗಿ ಎದ್ದಾಗ ಸಣ್ಣದಾಗಿ ಸಾಯಂಕಾಲ ದೊಡ್ಡದಾಗುತ್ತಂತೆ, ಇದು ಹಗಲು ರಾತ್ರಿ ಒಂದೇ ಸೈಜು, ಮುಟ್ಟಿದ್ರೆ ಬಿಗಿ, ಎಡಗಡೆ ಚರ್ಮ ಫಳಫಳ ಹೊಳೀತಿತ್ತು. ಅಸಲಿ ವಿಷ್ಯ ಮೊದ್ಲು ಕಂಡುಹಿಡಿದದ್ದು ನೀರು ಹಾಕೋಕೆ ಬರ್ತಿದ್ದ ಅಜ್ಜಿ. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸ್ಕೊಂಡು ಹೊಟ್ಟೆ ತೀಡ್ತಾ ತೀಡ್ತಾ "ಈ ಕಡೀಕೆ ಕಿಬ್ಬೊಟ್ಟೆ ಯಾಕೋ ಗಟ್ಟಿ ಐತೆ ಕಣವ್ವ, ಇನ್ನೊಂದ್ ಕಡೆ ಇಂಗಿಲ್ಲ, ದಾಕ್ಟ್ರಿಗೆ ಒಂದ್ಕಿತ ತೋರ್ಸು" ಅಂದ್ರು. ಎಷ್ಟು ಮಕ್ಕಳ ಹೊಟ್ಟೆ ಮುಟ್ಟಿದ ಕೈ ಅದು. ನಾವು ಊರಲ್ಲೇ ಒಂದು ಸೆಂಟರಲ್ಲಿ ಸ್ಕ್ಯಾನ್ ಮಾಡಿಸಿದ್ವಿ, ಚೀಟೀಲಿ ಸ್ಕ್ರೋಟಮ್ (ಬೀಜದ ಚೀಲ) ಸ್ಕ್ಯಾನ್ ಅಂತ ಬರೆದಿತ್ತು, ಅವ್ರು ಅಷ್ಟನ್ನೇ ನೋಡಿ ಎಡಗಡೆ ಹೈಡ್ರೋಸೀಲ್ ಅಂತ ಒಂದು ಸಾಲು ಬರೆದು ಕಳಿಸಿದ್ರು. ಪ್ರೋಬನ್ನ ಒಂದು ಅಂಗೈ ಅಗಲ ಮೇಲಕ್ಕೆ ಜರುಗಿಸಿದ್ರೆ ಅವತ್ತೇ ಗೊತ್ತಾಗಿರೋದು.

ಬೆಂಗಳೂರಿನ ಈ ಆಸ್ಪತ್ರೆಗೆ ಹೋದ್ರೆ ಮೊದಲು ಪಾರ್ಕಿಂಗ್ ಜಾಗ ಇಲ್ಲ, ಗಾಡಿನ ಎರಡು ರಸ್ತೆ ಆಚೆ ಬಿಟ್ಟು ಬಿಸಿಲಲ್ಲಿ ಮಗು ಎತ್ಕೊಂಡು ನಡೀಬೇಕು. ಓಪಿಡಿ ಟೋಕನ್ ಅಂತೂ ದೇವರಿಗೇ ಪ್ರೀತಿ, ಆನ್‌ಲೈನಲ್ಲಿ ಕೊಟ್ಟ ಟೈಮಿಗೂ ಒಳಗೆ ಕರೆಯೋದಕ್ಕೂ ಸಂಬಂಧವೇ ಇಲ್ಲ. ಹಾಲು ಕುಡಿಸೋಕೆ ಅಂತ ಒಂದು ರೂಮಿದೆ, ಅದು ಕ್ಲೀನಾಗಿದೆ, ಅದಕ್ಕೆ ಥ್ಯಾಂಕ್ಸ್.

ಒಳಗೆ ಹೋದ್ಮೇಲೆ ಮಾತ್ರ ಆ ಕಾದಿದ್ದೆಲ್ಲ ಮರೆತು ಹೋಯ್ತು. ಮೇಡಂ ರಿಪೋರ್ಟ್ ಕೈಗೆ ತಗೊಳ್ಳಲೇ ಇಲ್ಲ ಮೊದ್ಲು. "ಅಮ್ಮ, ಪಾಪೂನ ನಿಮ್ಮ ಮಡಿಲಲ್ಲೇ ಇಟ್ಕೊಳಿ, ಡೈಪರ್ ಬಿಚ್ಚಿ, ಹಾಲು ಕುಡೀತಿದ್ರೆ ಕುಡೀಲಿ ಬಿಡಿ" ಅಂದ್ರು. ಅಳೋ ಮಗುವಿನ ಹೊಟ್ಟೆ ಬಿಗಿಯಾಗಿರುತ್ತೆ, ಆಗ ಏನೂ ಗೊತ್ತಾಗಲ್ಲ, ಅದಕ್ಕೆ. ಕೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು ಒಂದು ಕೈ ಕೆಳಗೆ ಊತದ ಮೇಲೆ ಇನ್ನೊಂದು ಕೈ ಕಿಬ್ಬೊಟ್ಟೆ ಮೇಲೆ ಇಟ್ಟು ಮೆಲ್ಲಗೆ ಕೆಳಗೆ ಒತ್ತಿದ್ರು, ಮೇಲಿನ ಕೈ ಎದ್ದಿದ್ದು ನನ್ನ ಕಣ್ಣಿಗೇ ಕಾಣಿಸ್ತು. ಆಮೇಲೆ ಮೇಲೆ ಒತ್ತಿದ್ರು, ಕೆಳಗೆ ಉಬ್ಬಿತು. ನನ್ನ ಕೈನೂ ಇಟ್ಟು ತೋರಿಸಿದ್ರು. ಅಷ್ಟೇ, ಒಂದು ನಿಮಿಷದ ಪರೀಕ್ಷೆ, ಕಾಯಿಲೆ ಏನು ಅನ್ನೋದು ಹೆಚ್ಚುಕಮ್ಮಿ ಅಲ್ಲೇ ಗೊತ್ತಾಗೋಯ್ತು. ಹೆಸರು ಅಬ್ಡಾಮಿನೋಸ್ಕ್ರೋಟಲ್ ಹೈಡ್ರೋಸೀಲ್. ಚೀಟಿ ಹಿಂದೆ ಡಮರುಗದ ಚಿತ್ರ ಬರೆದ್ರು, ಕೆಳಗಿನ ಬುರುಡೆ ಬೀಜದ ಚೀಲದಲ್ಲಿ, ಮೇಲಿನ ಬುರುಡೆ ಹೊಟ್ಟೆ ಒಳಗೆ, ನಡುವಿನ ಸೊಂಟ ತೊಡೆಸಂದಿಯ ದಾರೀಲಿ. ಒಳಗಿರೋ ನೀರು ಒಂದೇ.

ಟಾರ್ಚ್ ಕೂಡ ಹಾಕಿ ನೋಡಿದ್ರು, ಕತ್ತಲಲ್ಲಿ ಊತ ಕೆಂಪಗೆ ಬೆಳಗಿತು. ನಾನು ಯೂಟ್ಯೂಬ್ ನೋಡಿ ಹೋಗಿದ್ದೆ, ಬೆಳಗಿದ್ರೆ ನೀರು ತಾನೇ ಹರ್ನಿಯಾ ಅಲ್ವಲ್ಲ ಅಂದೆ. ಅದಕ್ಕೆ ಮೇಡಂ, ದೊಡ್ಡೋರಲ್ಲಿ ಆ ಲೆಕ್ಕ ಸರಿ, ಪುಟ್ಟ ಮಕ್ಕಳಲ್ಲಿ ಕರುಳಿನ ಗೋಡೆ ಎಷ್ಟು ತೆಳು ಅಂದ್ರೆ ಕರುಳು ಇಳಿದಿದ್ರೂ ಬೆಳಕು ಹಾಯುತ್ತೆ, ಬರೀ ಟಾರ್ಚ್ ನಂಬ್ಕೊಂಡು ಕೂರಬಾರದು ಅಂದ್ರು. ಈ ಪಾಯಿಂಟ್ ದಯವಿಟ್ಟು ನೆನಪಿಟ್ಕೊಳಿ, ಮನೇಲಿ ಮೊಬೈಲ್ ಟಾರ್ಚ್ ಹಾಕಿ ನೀವೇ ತೀರ್ಮಾನ ಮಾಡೋಕೆ ಹೋಗ್ಬೇಡಿ. ಊತ ಇದ್ದಕ್ಕಿದ್ದಂಗೆ ಗಟ್ಟಿಯಾಗಿ, ಮಗು ಒಂದೇ ಸಮ ಅಳ್ತಾ ವಾಂತಿ ಮಾಡ್ಕೊಂಡ್ರೆ ಅದು ಕಾಯೋ ಕೇಸೇ ಅಲ್ಲ, ರಾತ್ರಿ ಆದ್ರೂ ಎಮರ್ಜೆನ್ಸಿಗೆ ಹೋಗ್ಬೇಕು.

ಎಷ್ಟು ಅಪರೂಪ ಇದು ಅಂತ ಕೇಳಿದ್ದಕ್ಕೆ, ಮಕ್ಕಳ ಹೈಡ್ರೋಸೀಲಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಒಂದೋ ಎರಡೋ ಅಂದ್ರು. ಹೊಸ ಕಾಯಿಲೆ ಅಂತೂ ಅಲ್ಲ, ಪ್ಯಾರಿಸ್‌ನ ಡುಪ್ಯುಟ್ರೆನ್ ಅನ್ನೋ ಸರ್ಜನ್ 1834ರಲ್ಲೇ ಇದನ್ನ ವಿವರಿಸಿದ್ದಾನಂತೆ, ಕೈಬೆರಳು ಮಡಚಿಕೊಂಡೇ ಉಳಿಯೋ ಕಾಯಿಲೆ ಒಂದಿದೆಯಲ್ಲ ಅದಕ್ಕೂ ಅವನದ್ದೇ ಹೆಸರು. ಅವನಿಗೆ ಸ್ಕ್ಯಾನೂ ಇಲ್ಲ ಏನೂ ಇಲ್ಲ, ಕೈಯಲ್ಲೇ ಗೊತ್ತು ಮಾಡ್ಕೊಂಡಿರ್ಬೇಕು. ಯಾಕೆ ಹಿಂಗಾಗುತ್ತೆ ಅನ್ನೋದಕ್ಕೆ ಎಲ್ಲರೂ ಒಪ್ಪಿರೋ ಒಂದೇ ಉತ್ತರ ಇಲ್ವಂತೆ. ಕೊಳವೆಯ ಮೇಲ್ತುದಿ ಮುಚ್ಚಿರುತ್ತೆ, ಚೀಲದಲ್ಲಿ ನೀರು ತುಂಬ್ತಾ ತುಂಬ್ತಾ ಒತ್ತಡ ಜಾಸ್ತಿಯಾಗಿ ಕೆಳಗೆ ಜಾಗ ಸಾಲದೆ ತೊಡೆಸಂದಿಯ ದಾರೀಲೇ ಮೇಲಕ್ಕೆ ನುಗ್ಗಿ ಹೊಟ್ಟೇಲಿ ಹಿಗ್ಗುತ್ತೆ ಅನ್ನೋದು ಒಂದು ವಾದ. ಒನ್ ವೇ ವಾಲ್ವ್ ಥರ ನೀರು ಕೆಳಗೆ ಬಂದು ವಾಪಸ್ ಹೋಗೋಕಾಗಲ್ಲ ಅನ್ನೋದು ಇನ್ನೊಂದು. ಬಸಿರಲ್ಲಿ ನಾನೇನು ತಿಂದೆ, ಗ್ರಹಣದಲ್ಲಿ ಆಚೆ ಹೋದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದನ್ನ ನಮ್ಮ ಅತ್ತೆ ಮುಂದೇನೇ ಮೇಡಂ ಬಾಯಲ್ಲಿ ಹೇಳಿಸಿದೆ.

ನಮ್ಮ ಕಡೆ ನೆಂಟರೊಬ್ಬರು ರಾಯಚೂರಲ್ಲಿ ಇದ್ದು ಬಂದವರು, ಅದು ಆನೆಕಾಲು ರೋಗದ ಊತ ಇರ್ಬೇಕು, ರಾತ್ರಿ ರಕ್ತ ಟೆಸ್ಟ್ ಮಾಡ್ಸಿ ಅಂತ ತಲೆ ತಿಂತಿದ್ರು. ಕಲಬುರಗಿ, ರಾಯಚೂರು ಕಡೆ, ಕರಾವಳಿ ಕಡೆ ಆ ಸೊಳ್ಳೆ ಹರಡೋ ಕಾಯಿಲೆ ಇತ್ತು ನಿಜ, ದೊಡ್ಡ ಗಂಡಸರಿಗೆ ಅದ್ರಿಂದ ಹೈಡ್ರೋಸೀಲ್ ಆಗೋದೂ ನಿಜ, ಆದ್ರೆ ಅದು ವರ್ಷಗಟ್ಟಲೆ ಸೋಂಕಿನ ಮೇಲೆ ಬರೋದು. ಹಾಲು ಕುಡಿಯೋ ಕೂಸಿಗೆ ಹುಟ್ಟಿನಿಂದ ಬಂದಿರೋ ಊತ ಬೇರೆಯೇ.

ಈಗ ಸ್ಕ್ಯಾನ್ ವಿಷ್ಯ. ಇಲ್ಲಿ ರೇಡಿಯಾಲಜಿ ಡಾಕ್ಟರು ಮಕ್ಕಳನ್ನೇ ನೋಡಿ ಅಭ್ಯಾಸ ಇರೋರು, ಜೆಲ್ ಬೆಚ್ಚಗೆ ಮಾಡಿ ಹಚ್ಚಿದ್ರು (ಸಣ್ಣ ವಿಷ್ಯ ಅನ್ಸುತ್ತೆ, ತಣ್ಣಗಿನ ಜೆಲ್ ಬಿದ್ದಾಗ ಕಿರುಚೋ ಮಗು ನೋಡಿದ್ರೆ ಗೊತ್ತಾಗುತ್ತೆ). ಬೀಜದ ಚೀಲದಿಂದ ಶುರು ಮಾಡಿ ತೊಡೆಸಂದಿ ದಾಟಿ ಮೇಲಕ್ಕೆ ಹೊಕ್ಕಳಿನ ಹತ್ತಿರದವರೆಗೂ ಆ ನೀರಿನ ಚೀಲವನ್ನ ಎಲ್ಲೂ ಬಿಡದೆ ಹಿಂಬಾಲಿಸಿದ್ರು, ನಡುವೆ ಸಣ್ಣ ಆಗೋ ಜಾಗ ಸ್ಕ್ರೀನಲ್ಲಿ ನಂಗೂ ಕಾಣಿಸ್ತು. ಎರಡೂ ಕಿಡ್ನಿ, ಮೂತ್ರಕೋಶ, ಬಲಗಡೆ ಬೀಜ ಎಲ್ಲ ನೋಡಿದ್ರು. ಕಿಡ್ನಿ ಯಾಕೆ ಅಂದ್ರೆ, ಹೊಟ್ಟೆ ಒಳಗಿರೋ ಚೀಲ ದೊಡ್ಡದಾದ್ರೆ ಕಿಡ್ನಿಯಿಂದ ಬರೋ ಮೂತ್ರನಾಳವನ್ನ ಅದುಮಿಬಿಡುತ್ತೆ, ಆಗ ಆ ಕಡೆ ಕಿಡ್ನಿ ಊದ್ಕೊಳ್ಳುತ್ತೆ. ರಕ್ತನಾಳ ಅದುಮಿದ್ರೆ ಕೆಲವು ಮಕ್ಕಳಿಗೆ ಆ ಕಡೆ ಕಾಲು ಊದೋದೂ ಉಂಟಂತೆ. ನಮ್ಮವನಿಗೆ ಎಡ ಕಿಡ್ನೀಲಿ ಸ್ವಲ್ಪ, ಬಹಳ ಸ್ವಲ್ಪ ಊತ ಶುರುವಾಗಿತ್ತು. ಎಡಗಡೆ ಬೀಜ ದುಂಡಗಿರೋ ಬದಲು ಉದ್ದಕ್ಕೆ ಎಳೆದ ಹಾಗಿತ್ತು, ಒತ್ತಡಕ್ಕೆ ಹಾಗಾಗುತ್ತೆ, ರಕ್ತದ ಓಡಾಟ ಚೆನ್ನಾಗಿದೆ ಅಂದ್ರು. ಬಲಗಡೆ ಸಾಮಾನ್ಯ ಹೈಡ್ರೋಸೀಲ್ ಸಣ್ಣದು, ಅದನ್ನ ಸುಮ್ನೆ ಬಿಡೋದು. ಕೆಲವು ಮಕ್ಕಳಿಗೆ ಎರಡೂ ಕಡೆ ಈ ಡಬಲ್ ಚೀಲ ಇರುತ್ತಂತೆ, ಕೆಲವರಿಗೆ ಇನ್ನೊಂದು ಕಡೆ ಬೀಜ ಕೆಳಗೇ ಇಳಿದಿರಲ್ಲ, ಅದಕ್ಕೇ ಎರಡೂ ಕಡೆ ನೋಡ್ಲೇಬೇಕು.

ಎಂಆರ್‌ಐ ಬೇಡ್ವಾ ಅಂತ ನಮ್ಮೆಜಮಾನ್ರು ಕೇಳಿದ್ರು, ದುಡ್ಡು ಕಟ್ಟೋಕೆ ರೆಡಿಯಾಗೇ ಬಂದಿದ್ರು. ಸ್ಕ್ಯಾನಲ್ಲಿ ಅನುಮಾನ ಉಳಿದಿದ್ರೆ, ಹೊಟ್ಟೇಲಿರೋದು ಬೇರೆ ಥರದ ಗಡ್ಡೆಯೋ ಲಿಂಫ್ ಚೀಲವೋ ಮೂತ್ರಕೋಶದ ಭಾಗವೋ ಅನ್ನೋ ಪ್ರಶ್ನೆ ಇದ್ರೆ ಮಾಡಿಸ್ತಿದ್ದೆ, ಇಲ್ಲಿ ಅನುಮಾನ ಇಲ್ಲ, ಸುಮ್ನೆ ಮಗೂಗೆ ಅದಕ್ಕೋಸ್ಕರ ಔಷಧಿ ಕೊಟ್ಟು ನಿದ್ದೆ ಬರಿಸೋದು ಯಾಕೆ ಅಂದ್ಬಿಟ್ರು. ಪ್ರೈವೇಟ್ ಆಸ್ಪತ್ರೇಲಿ ಒಂದು ಟೆಸ್ಟ್ ಬೇಡ ಅಂತ ಹೇಳಿದ್ದು ಕೇಳಿ ನಾವಿಬ್ರೂ ಮುಖ ಮುಖ ನೋಡ್ಕೊಂಡ್ವಿ.

ಇನ್ನೊಂದು ಕೇಳಿದ್ದು, ಸೂಜೀಲಿ ನೀರು ತೆಗೆಸಿಬಿಟ್ರೆ ಆಗಲ್ವಾ ಅಂತ. ಇದನ್ನ ಊರಲ್ಲಿ ಸುಮಾರು ಜನ ಹೇಳಿದ್ರು. ಖಂಡಿತ ಬೇಡ ಅಂದ್ರು. ಚೀಲ ಅಲ್ಲೇ ಇರುತ್ತಲ್ಲ, ತೆಗೆದ ನೀರು ಮತ್ತೆ ತುಂಬುತ್ತೆ, ಮಧ್ಯೆ ಕೀವು ಆಗೋದು ರಕ್ತ ಸೋರೋದು ಬೇರೆ, ಅಕಸ್ಮಾತ್ ಜೊತೆಗೆ ಹರ್ನಿಯಾ ಇದ್ದು ಸೂಜಿ ಕರುಳಿಗೆ ಹೋದ್ರೆ ಕಥೆ ಮುಗೀತು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟೋದು, ಹರಳೆಣ್ಣೆ ಶಾಖ, ಬಿಗಿಯಾಗಿ ಲಂಗೋಟಿ, ಇವೆಲ್ಲಾನೂ ಅತ್ತೆ ಕೇಳಿದ್ರು. ಮೇಡಂ ನಗಲಿಲ್ಲ, ಅದು ಇಷ್ಟ ಆಯ್ತು ನಂಗೆ. "ಅಜ್ಜಿ, ಎಕ್ಕದ ಹಾಲು ಆ ಚರ್ಮಕ್ಕೆ ತಾಗಿದ್ರೆ ಸುಟ್ಟ ಹಂಗೆ ಬೊಬ್ಬೆ ಬರುತ್ತೆ, ಮಗು ಪಾಪ ಅಲ್ವಾ, ಎಣ್ಣೆ ಸ್ನಾನ ಎಷ್ಟು ಬೇಕಾದ್ರೂ ಮಾಡ್ಸಿ, ಅಲ್ಲಿ ಮಾತ್ರ ತೀಡಬೇಡಿ" ಅಂದ್ರು. ಅತ್ತೆ ಅವತ್ತಿಂದ ಮೇಡಂ ಪಾರ್ಟಿ.

ಸರಿ ಆಪರೇಷನ್ ಯಾವಾಗ ಅಂದ್ರೆ ತಕ್ಷಣ ಡೇಟ್ ಕೊಡ್ಲಿಲ್ಲ. ಇಲ್ಲೇ ನಂಗೆ ಇವ್ರ ಮೇಲೆ ನಂಬಿಕೆ ಬಂದಿದ್ದು. ಹಿಂದೆಲ್ಲ ಈ ಥರದ್ದು ಸಿಕ್ಕಿದ ಕೂಡ್ಲೇ ಆಪರೇಷನ್ ಮಾಡ್ಬೇಕು ಅಂತಿದ್ರು, ಈಗ ಕೆಲವು ಮಕ್ಕಳಲ್ಲಿ ಇದೂ ತಾನಾಗೇ ಕರಗಿದ್ದನ್ನ ಡಾಕ್ಟರ್‌ಗಳು ಬರೆದಿದ್ದಾರೆ, ಕಿಡ್ನಿ ಊತ ಅಷ್ಟು ಇಲ್ಲ ಅಂದ್ರೆ ಸ್ವಲ್ಪ ದಿನ ನೋಡಿ ಮತ್ತೆ ಸ್ಕ್ಯಾನ್ ಮಾಡೋಣ, ಅಷ್ಟರಲ್ಲಿ ಮಗೂನೂ ತೂಕ ಹಾಕುತ್ತೆ, ಅನಸ್ತೇಷಿಯಾಗೂ ಒಳ್ಳೇದು ಅಂದ್ರು. ಹಾಗೇ ಕಾದ್ವಿ. ಎರಡನೇ ಸ್ಕ್ಯಾನಲ್ಲಿ ಹೊಟ್ಟೆ ಒಳಗಿನ ಭಾಗ ಇನ್ನೂ ಬೆಳೆದಿತ್ತು, ಕಿಡ್ನಿ ಊತಾನೂ ಒಂದು ಹಂತ ಮೇಲೆ ಹೋಗಿತ್ತು. ಆಗ ಡೇಟ್ ಕೊಟ್ರು. ಯಾಕೆ ಕಾದ್ವಿ ಯಾಕೆ ಈಗ ಮಾಡ್ತಿದೀವಿ ಅನ್ನೋದು ನಮಗೂ ಗೊತ್ತಿತ್ತು, ಅದಕ್ಕೆ ಆಪರೇಷನ್ ಅಂದಾಗ ಎದೆ ಧಸಕ್ ಅಂದ್ರೂ ಅನುಮಾನ ಇರ್ಲಿಲ್ಲ.

ಅನಸ್ತೇಷಿಯಾ ಡಾಕ್ಟರು ಮುಂಚೇನೇ ಕೂರಿಸಿ ಮಾತಾಡಿದ್ರು. ಎದೆಹಾಲು ನಾಲ್ಕು ಗಂಟೆ ಮುಂಚೆ ನಿಲ್ಲಿಸ್ಬೇಕು, ಡಬ್ಬಿ ಹಾಲು, ರಾಗಿ ಸರಿ ಅಂಥದ್ದು ಆರು ಗಂಟೆ, ನೀರು ಎರಡು ಗಂಟೆ ಮುಂಚೆವರೆಗೂ ಕೊಡ್ಬೋದು. ರಾತ್ರಿಯಿಂದ ಉಪವಾಸ ಇಡೋದು ಬೇಡವೇ ಬೇಡ ಅಂದ್ರು, ಬೇರೆ ಕಡೆ ಮಕ್ಕಳನ್ನ ರಾತ್ರಿಯೆಲ್ಲ ಹಸಿವಲ್ಲಿ ಅಳಿಸಿದ ಕಥೆ ಕೇಳಿದ್ದೆ ಅದಕ್ಕೆ ಇದನ್ನ ಒತ್ತಿ ಬರೀತಿದೀನಿ. ಚಿಕ್ಕ ಮಗು ಅಂತ ಲಿಸ್ಟಲ್ಲಿ ಮೊದಲನೇ ಕೇಸ್ ಹಾಕಿದ್ರು. ನೆಗಡಿ ಕೆಮ್ಮು ಇದ್ರೆ ಮುಂದಕ್ಕೆ ಹಾಕ್ತೀವಿ, ಮುಚ್ಚಿಡಬೇಡಿ ಅಂದಿದ್ರು, ನಿಜವಾಗ್ಲೂ ನೆಗಡಿ ಬಂತು, ನಿಜವಾಗ್ಲೂ ಮುಂದಕ್ಕೆ ಹಾಕಿದ್ರು, ರಜೆ ಎಲ್ಲ ಉಲ್ಟಾ ಆಯ್ತು ಏನ್ ಮಾಡೋದು. ಪೂರ್ತಿ ನಿದ್ದೆ ಬರಿಸಿದ ಮೇಲೆ ಬೆನ್ನಿನ ಕೆಳಗೆ ಬಾಲದ ಮೂಳೆ ಹತ್ರ ಒಂದು ಇಂಜೆಕ್ಷನ್ ಕೊಡ್ತಾರೆ, ಕಾಡಲ್ ಬ್ಲಾಕ್ ಅಂತ, ಅದ್ರಿಂದ ಎದ್ದ ಮೇಲೂ ಕೆಲವು ಗಂಟೆ ಸೊಂಟದ ಕೆಳಗೆ ನೋವು ಗೊತ್ತಾಗಲ್ಲ. ಕಾಲು ಸ್ವಲ್ಪ ಜೋಲು ಬಿದ್ದಂಗೆ ಇದ್ರೆ ಹೆದರಬೇಡಿ ಅಂತ ಮುಂಚೇನೇ ಹೇಳಿದ್ರು, ಹಾಗೇ ಇತ್ತು, ಸಾಯಂಕಾಲದ ಹೊತ್ತಿಗೆ ಒದೆಯೋಕೆ ಶುರು ಮಾಡ್ದ.

ಆಪರೇಷನ್ ಹೇಗೆ ಮಾಡಿದ್ರು ಅಂತ ಮೇಡಂ ಆಚೆ ಬಂದು ಅದೇ ಥರ ಚಿತ್ರ ಬರೆದು ಹೇಳಿದ್ರು, ನಂಗೆ ಅರ್ಥ ಆದಷ್ಟು ಬರೀತೀನಿ. ತೊಡೆಸಂದಿಯ ಮಡಿಕೇಲೇ ಸಣ್ಣ ಗೆರೆ ಕೊಯ್ತಾರೆ, ಆಮೇಲೆ ಗಾಯ ಆ ಮಡಿಕೇಲೇ ಮುಚ್ಚಿಹೋಗುತ್ತೆ. ಚೀಲ ಸಿಕ್ಕಿದ ಮೇಲೆ ಮೊದಲು ನೀರು ಖಾಲಿ ಮಾಡ್ತಾರೆ, ಆಗ ಹೊಟ್ಟೇಲಿರೋ ಭಾಗ ಸೊರಗಿ ಬಿದ್ದು ಆ ಸಣ್ಣ ದಾರೀಲೇ ಕೆಳಗೆ ಎಳ್ಕೊಂಡು ಬರೋಕಾಗುತ್ತೆ, ಹೊಟ್ಟೆ ಬೇರೆ ಕೊಯ್ಯೋದು ಬೇಕಾಗಲ್ಲ. ಕಷ್ಟದ ಕೆಲಸ ಏನಂದ್ರೆ ಬೀಜಕ್ಕೆ ಹೋಗೋ ರಕ್ತನಾಳಗಳು, ವೀರ್ಯದ ನಾಳ, ಇವು ಸಾಮಾನ್ಯ ಹೈಡ್ರೋಸೀಲಲ್ಲಿ ಒಂದು ಕಡೆ ಕಂತೆಯಾಗಿ ಇರ್ತವೆ, ಇದ್ರಲ್ಲಿ ಚೀಲ ಹಿಗ್ಗಿ ಹಿಗ್ಗಿ ಅದರ ಗೋಡೆ ಮೇಲೆ ಎಳೆ ಎಳೆಯಾಗಿ ಹರಡಿ ಅಂಟ್ಕೊಂಡಿರ್ತವೆ. ಅಷ್ಟು ಪುಟ್ಟ ಮಗೂಲಿ ಆ ನಾಳ ದಾರಕ್ಕಿಂತ ದಪ್ಪ ಇರಲ್ಲ, ಒಂದೊಂದೇ ಬಿಡಿಸ್ಬೇಕು, ಕಣ್ಣಿಗೆ ದೊಡ್ಡದು ಮಾಡಿ ತೋರಿಸೋ ಲೂಪ್ ಹಾಕ್ಕೊಂಡು ಮಾಡಿದ್ರಂತೆ. ಬಿಡಿಸಿದ ಮೇಲೆ ಹೆಚ್ಚಿನ ಚೀಲ ಕತ್ತರಿಸಿ ತೆಗೆದು, ಬೀಜದ ಸುತ್ತ ಉಳಿದ ಅಂಚನ್ನ ಹೊರಗೆ ಮಡಚಿ ಹೊಲಿದು, ಮೇಲಿನ ದಾರಿ ಮುಚ್ಚಿ, ಬೀಜವನ್ನ ಅದರ ಜಾಗದಲ್ಲಿ ಕೂರಿಸ್ತಾರೆ. ತಾನೇ ಕರಗೋ ಹೊಲಿಗೆ, ಬಿಚ್ಚೋ ಗೋಳಿಲ್ಲ. ತೆಗೆದ ಚೀಲನ ಬಯಾಪ್ಸಿಗೆ ಕಳಿಸ್ತಾರೆ, ಬಯಾಪ್ಸಿ ಅಂದ ಕೂಡ್ಲೇ ಕ್ಯಾನ್ಸರ್ ಅಂತ ಮನೆಯವರೆಲ್ಲ ಬೆಚ್ಚಿಬಿದ್ರು, ದೇಹದಿಂದ ತೆಗೆದದ್ದನ್ನ ಲ್ಯಾಬಿಗೆ ಕಳಿಸೋದು ರೂಲು ಅಷ್ಟೇ.

ಲ್ಯಾಪ್ರೋಸ್ಕೋಪಿ ಯಾಕಿಲ್ಲ ಅಂತ ಕೇಳೋರು ಇರ್ತಾರೆ, ನಾವೂ ಕೇಳಿದ್ವಿ. ಕೆಲವು ಸರ್ಜನ್‌ಗಳು ಕ್ಯಾಮೆರಾ ಹಾಕಿ ಮೇಲಿನ ಭಾಗ ಬಿಡಿಸ್ತಾರೆ, ಕೆಲವರು ಬರೀ ಬೀಜದ ಚೀಲದಲ್ಲೇ ಸಣ್ಣದಾಗಿ ಕೊಯ್ದು ಕೆಳಗಿನ ಗೋಡೆ ತೆಗೆದು ನೀರು ಬಿಟ್ಟು ಮುಗಿಸ್ತಾರೆ, ಆಗ ತೊಡೆಸಂದಿ ನಾಳಗಳನ್ನ ಮುಟ್ಟೋದೇ ಬೇಡ, ಅದಕ್ಕೂ ಒಳ್ಳೆ ಫಲಿತಾಂಶ ಬರೆದಿದ್ದಾರೆ, ಆದ್ರೆ ನನ್ನ ಕೈಗೆ ಪಳಗಿರೋದು ತೊಡೆಸಂದಿ ದಾರಿ, ನಿಮ್ಮ ಮಗೂಗೆ ಅದನ್ನೇ ಮಾಡ್ತೀನಿ ಅಂದ್ರು. ಅಪಾಯನೂ ಮುಚ್ಚಿಡಲಿಲ್ಲ, ಮತ್ತೆ ತುಂಬ್ಕೊಳೋದು, ರಕ್ತ ಕಟ್ಟೋದು, ಬಹಳ ಅಪರೂಪಕ್ಕೆ ಬೀಜಕ್ಕೆ ರಕ್ತ ಕಮ್ಮಿಯಾಗಿ ಸಣ್ಣದಾಗೋದು, ಎಲ್ಲಾನೂ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸೋ ಮುಂಚೆ ಕನ್ನಡದಲ್ಲೇ ಹೇಳಿದ್ರು. ಪತ್ರ ಮಾತ್ರ ಇಂಗ್ಲಿಷಲ್ಲಿತ್ತು. ಬೆಂಗಳೂರಲ್ಲಿ ಆಸ್ಪತ್ರೆ ನಡೆಸ್ಕೊಂಡು ಒಪ್ಪಿಗೆ ಪತ್ರ ಕನ್ನಡದಲ್ಲಿ ಇಡೋಕೆ ಏನ್ರೀ ಕಷ್ಟ.

ಈಗ ಬಯ್ಯೋ ಭಾಗ. ಆಪರೇಷನ್ ಆದ ಮೇಲೆ ಬೀಜದ ಚೀಲ ಊದುತ್ತೆ. ಸುಮ್ನೆ ಊದೋದಲ್ಲ, ಮುಂಚೆ ಇದ್ದಷ್ಟೇ ದೊಡ್ಡದಾಗಿ, ಕೆಂಪು ನೀಲಿ ಬಣ್ಣಕ್ಕೆ ತಿರುಗುತ್ತೆ. ಡಿಸ್ಚಾರ್ಜ್ ಮಾಡಿದ ಜೂನಿಯರ್ ಡಾಕ್ಟರು ಸ್ವಲ್ಪ ಸ್ವೆಲ್ಲಿಂಗ್ ಇರುತ್ತೆ ಅಂತ ಅಂದು ಹೊರಟುಹೋದ್ರು, ಪೇಪರಲ್ಲೂ ಅಷ್ಟೇ ಬರೆದಿತ್ತು. ಮನೆಗೆ ಬಂದು ಡೈಪರ್ ಬಿಚ್ಚಿದ್ರೆ ಏನೂ ತೆಗೆದೇ ಇಲ್ಲವೇನೋ ಅನ್ನೋ ಹಂಗಿತ್ತು, ನಾನು ಅಳೋಕೆ ಶುರು, ನಮ್ಮೆಜಮಾನ್ರು ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿದ್ರೆ ಎತ್ತೋದು ಟ್ರಾನ್ಸ್‌ಫರ್ ಮಾಡೋದು ಕಟ್ ಆಗೋದು ಇದೇ ಆಯ್ತು. ಕೊನೆಗೆ ವಾರ್ಡಿನ ಒಬ್ಬ ಸಿಸ್ಟರ್, ಪುಣ್ಯಾತ್ಗಿತ್ತಿ, ಫೋಟೋ ತರಿಸ್ಕೊಂಡು ಮೇಡಂಗೆ ತೋರಿಸಿ ವಾಪಸ್ ಕಾಲ್ ಮಾಡಿದ್ರು. ಇಷ್ಟು ದೊಡ್ಡ ಚೀಲ ಬಿಡಿಸಿದ ಮೇಲೆ ಈ ಊತ ಬರೋದೇ, ಗಟ್ಟಿಯಾಗಿ ವಾರಗಟ್ಟಲೆ ಇದ್ದು ಮೆಲ್ಲಗೆ ಇಳಿಯುತ್ತೆ, ಇದು ಕಾಯಿಲೆ ವಾಪಸ್ ಬಂದಿದ್ದಲ್ಲ. ಜ್ವರ, ಗಾಯದಲ್ಲಿ ಕೀವು, ಗಂಟೆ ಗಂಟೆಗೂ ದೊಡ್ಡದಾಗ್ತಾ ಹೋಗೋದು, ಮೂತ್ರ ಮಾಡದೆ ಇರೋದು, ಇವಿದ್ರೆ ಮಾತ್ರ ಓಡಿ ಬನ್ನಿ ಅಂತ. ಇದೇ ಮಾತನ್ನ ಡಿಸ್ಚಾರ್ಜ್ ಟೈಮಲ್ಲಿ ಎರಡು ಸಾಲು ಕನ್ನಡದಲ್ಲಿ ಪ್ರಿಂಟ್ ಮಾಡಿ ಕೊಟ್ಟಿದ್ರೆ ಅವತ್ತು ರಾತ್ರಿ ಇಡೀ ಮನೆ ಜಾಗರಣೆ ಮಾಡೋದು ತಪ್ಪಿರೋದು.

ಮನೆ ಆರೈಕೆ ಅಂಥ ಕಷ್ಟ ಏನಿಲ್ಲ. ತೂಕದ ಲೆಕ್ಕದಲ್ಲಿ ಪ್ಯಾರಸಿಟಮಾಲ್ ಡ್ರಾಪ್ಸ್, ಗಾಯ ಒಣಗಿರ್ಬೇಕು, ಡೈಪರ್ ಸಡಿಲ, ಅಜ್ಜಿ ಎಣ್ಣೆ ನೀರಿಗೆ ಸ್ವಲ್ಪ ದಿನ ರಜೆ. ನಮ್ಮ ಕಡೆ ಮಗೂನ ಸೊಂಟದ ಮೇಲೆ ಕಾಲಗಲಿಸಿ ಕೂರಿಸ್ಕೊಂಡೇ ಅಲ್ವಾ ಓಡಾಡೋದು, ಅದನ್ನ ಕೆಲವು ವಾರ ಬೇಡ ಅಂದ್ರು, ವಾಕರೂ ಬೇಡ. ಎದೆಗೆ ಒರಗಿಸ್ಕೊಂಡು ಎತ್ಕೊಂಡು ನನ್ನ ಭುಜ ಬಿದ್ದುಹೋಯ್ತು.

ಇನ್ಶೂರೆನ್ಸ್ ಡೆಸ್ಕ್ ಬಗ್ಗೆ ಬರೀದೆ ಇದ್ರೆ ಸಮಾಧಾನ ಆಗಲ್ಲ. ಕ್ಯಾಶ್‌ಲೆಸ್ ಹಾಕಿದ್ದಕ್ಕೆ ಇದು ಹುಟ್ಟಿನಿಂದ ಬಂದಿದ್ದಾ ಅಂತ ಪ್ರಶ್ನೆ ಬಂತು. ಪಾಲಿಸಿಗಳಲ್ಲಿ ಹುಟ್ಟಿನ ತೊಂದರೆಯನ್ನ ಎರಡು ಥರ ಮಾಡಿರ್ತಾರೆ, ಹೊರಗೆ ಕಣ್ಣಿಗೆ ಕಾಣೋ ಜಾಗದ್ದು ಎಕ್ಸ್‌ಟರ್ನಲ್, ಒಳಗಿನದ್ದು ಇಂಟರ್ನಲ್, ಎಕ್ಸ್‌ಟರ್ನಲ್ ಆದ್ರೆ ಬಹಳ ಪಾಲಿಸಿಗಳು ದುಡ್ಡು ಕೊಡಲ್ಲ. ಡೆಸ್ಕಲ್ಲಿದ್ದೋರು ಫಾರಂನಲ್ಲಿ ಬರೀ ಹೈಡ್ರೋಸೀಲ್ ಅಂತ ತುಂಬಿಸಿಟ್ಟಿದ್ರು, ಹೊಟ್ಟೆ ಒಳಗಿನ ಭಾಗ, ಕಿಡ್ನಿ ಊತ ಯಾವುದನ್ನೂ ಬರೆದೇ ಇರ್ಲಿಲ್ಲ, ಕೇಳಿದ್ರೆ ನಮ್ಮ ಸಿಸ್ಟಮ್ಮಲ್ಲಿ ಅದೇ ಪ್ಯಾಕೇಜ್ ಇರೋದು ಮೇಡಂ ಅಂತಾರೆ. ಕೊನೆಗೆ ಸರ್ಜನ್ ಸ್ಕ್ಯಾನ್ ರಿಪೋರ್ಟ್ ಸಮೇತ ಲೆಟರ್ ಬರೆದು ಕೊಟ್ಟ ಮೇಲೆ ಪಾಸಾಯ್ತು, ಅದೂ ಪೂರ್ತಿ ಅಲ್ಲ, ಕನ್ಸ್ಯೂಮಬಲ್ಸ್ (ಗ್ಲೌಸ್, ಸಿರಿಂಜ್ ಥರ ಬಳಸಿ ಬಿಸಾಡೋ ಸಾಮಾನು) ಅಂತ ಒಂದಷ್ಟು ಕೈಯಿಂದ ಹೋಯ್ತು. ನೀವು ಹೋಗೋದಾದ್ರೆ ಪೂರ್ತಿ ಹೆಸರು, ಕಿಡ್ನಿ ವಿಷ್ಯ, ಎರಡೂ ಫಾರಂನಲ್ಲಿ ಇದೆಯಾ ಅಂತ ಕಳಿಸೋ ಮುಂಚೆ ನಿಂತು ಓದಿ.

ಖರ್ಚು ಕಷ್ಟ ಅನ್ನೋರಿಗೆ ಬೆಂಗಳೂರಲ್ಲಿ ನಿಮ್ಹಾನ್ಸ್ ಹತ್ರ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಸರ್ಕಾರದ್ದು, ಅಲ್ಲೂ ಮಕ್ಕಳ ಸರ್ಜರಿ ವಿಭಾಗ ಇದೆ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಂತ ಇರೋದ್ರಿಂದ ಮೊದಲು ಅದನ್ನ ವಿಚಾರಿಸಿ. ದೊಡ್ಡೋರ ಆಪರೇಷನ್ ಮಾಡೋ ಜನರಲ್ ಸರ್ಜನ್ ಹತ್ರ ಹತ್ತಿರ ಇದಾರೆ ಅಂತ ಹೋಗೋದಕ್ಕಿಂತ, ಮಕ್ಕಳ ಸರ್ಜನ್ ಮತ್ತೆ ಮಕ್ಕಳಿಗೆ ಅನಸ್ತೇಷಿಯಾ ಕೊಟ್ಟು ಅಭ್ಯಾಸ ಇರೋರು ಒಂದೇ ಕಡೆ ಇರೋ ಜಾಗ ನೋಡ್ಕೊಳಿ, ಅದು ಸರ್ಕಾರಿ ಆದ್ರೂ ಪ್ರೈವೇಟ್ ಆದ್ರೂ.

ಫಾಲೋಅಪ್ ಸ್ಕ್ಯಾನಲ್ಲಿ ಹೊಟ್ಟೆ ಒಳಗೆ ಚೀಲ ಇಲ್ಲ, ಎಡ ಕಿಡ್ನಿ ಊತ ಇಳಿದಿದೆ, ಉದ್ದಕ್ಕಿದ್ದ ಬೀಜಾನೂ ದುಂಡಗಾಗ್ತಿದೆ. ಬಲಗಡೆ ಸಣ್ಣ ಹೈಡ್ರೋಸೀಲನ್ನ ಇನ್ನೂ ನೋಡ್ತಾ ಇದ್ದಾರೆ. ಬಯಾಪ್ಸಿ ರಿಪೋರ್ಟ್ ಬರೀ ಚೀಲದ ಗೋಡೆ ಅಂತ ಬಂತು, ಆದ್ರೆ ಅದನ್ನ ಅವ್ರಾಗಿ ಕಳಿಸಲ್ಲ, ಫೋನ್ ಮಾಡಿದ್ರೆ ಓಪಿಡಿ ಕೌಂಟರ್ ಕೇಳಿ ಅಂತಾರೆ, ಓಪಿಡಿಯವರು ಲ್ಯಾಬ್ ಕೇಳಿ ಅಂತಾರೆ. ಸಿಗೋದು ಬೇಸ್‌ಮೆಂಟಲ್ಲಿರೋ ಮೆಡಿಕಲ್ ರೆಕಾರ್ಡ್ಸ್ ರೂಮಲ್ಲಿ, ಊಟದ ಟೈಮ್ ಬಿಟ್ಟು ಹೋಗಿ, ಡಿಸ್ಚಾರ್ಜ್ ಪೇಪರ್ ಒರಿಜಿನಲ್ ಇಟ್ಕೊಂಡಿರಿ, ಜೆರಾಕ್ಸ್ ತಗೊಳ್ಳಲ್ಲ.